ತೂಬಿಗೆ ಹೊಸ ಹಲಗೆ

ಫೆಲಿನ್ ಇಸಾಫ್, ವೇಲ್ಸ್
ಅಕ್ಟೋಬರ್ ೧೪, ಸಂಜೆ

ಪ್ರೀತಿಯ (ಹೌದು, ಇನ್ನೂ ಪ್ರೀತಿಯ!) ಇದ್ವಲ್ ಅಣ್ಣಾ,

ಹೇಗಿದ್ದೀಯ? ಪ್ಯಾಟಗೋನಿಯಾದ ಗಾಳಿಗೆ ನಿನ್ನ ಕಿವಿನೋವು ಮರುಕಳಿಸಿಲ್ಲ ತಾನೆ? ಕುರಿಗಳ ಉಣ್ಣೆ ಕತ್ತರಿಸಿ ಸೊಂಟ ಹಿಡಿದಿದ್ದರೆ ಅಮ್ಮ ಕಟ್ಟಿಕೊಟ್ಟ ಎಣ್ಣೆ ಹಚ್ಚಿಕೋ. ನಾನಂತೂ ತುಂಬಾ ತುಂಬಾ ಚೆನ್ನಾಗಿದ್ದೇನೆ. ಗೆಥಿನ್‌ನಂಥ ಗಂಡ ಇಡೀ ವೇಲ್ಸ್‌ನಲ್ಲಿ ಇನ್ನೊಬ್ಬನಿಲ್ಲ. ಬೆಳಿಗ್ಗೆ ಮೊಟ್ಟೆ ಸೀಯಿಸುತ್ತಾನೆ, ಸೀದದ್ದನ್ನೇ ಹಾಡುತ್ತಾ ಹಾಸಿಗೆಗೆ ತಂದುಕೊಡುತ್ತಾನೆ! ಕುಶಲ ಮುಗಿಯಿತು. ಇನ್ನು ಬೈಗುಳ. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳ ವೆಲ್ಷ್ ಎಂದು ನಗಬೇಡ. ಮನೆಮಾತಿನಲ್ಲಿ ಬೈದರೇ ನಿನಗೆ ನಾಟುವುದು.

ಮಧುಚಂದ್ರ ಮುಗಿಸಿ ಬಸ್ಸಿಳಿದರೆ ಮನೆ ಮಾರಾಟದ ಅಂಗಡಿಯ ಕಿಟಕಿಯಲ್ಲಿ ನಮ್ಮ ಗಿರಣಿಯ ಚಿತ್ರ. 'ನವೀಕರಿಸಿದ ಐತಿಹಾಸಿಕ ನೀರಿನ ಗಿರಣಿ, ಮಾರಾಟಕ್ಕಿದೆ.' ಹಗ್ಗದ ಮೇಲೆ ನನ್ನ ಲಂಗವೂ ಒಣಗುತ್ತಿದೆ! ತಾತ ಅದನ್ನು ನಿನಗೆ ಬಿಟ್ಟುಹೋದದ್ದು ನಿಜ. ಪಾಳು ಗೋಡೆ ಎತ್ತಿ, ಸತ್ತ ಚಕ್ರವನ್ನು ಮತ್ತೆ ತಿರುಗಿಸಿದವನೂ ನೀನೇ. ಆದರೆ ನನ್ನ ಮದುವೆಯ ಕೇಕಿಗೆ ಹಿಟ್ಟು ಬೀಸಿಕೊಟ್ಟ ವಾರವೇ ಗಿರಣಿಯನ್ನು ಮಾರಾಟಕ್ಕೆ ಒಪ್ಪಿಸಿ, ನಾನು ಆ ಕೇಕು ತಿನ್ನುವಾಗ ಪಕ್ಕದಲ್ಲಿ ನಿಂತು ನಗುತ್ತಿದ್ದೆಯಲ್ಲ! ಅಮ್ಮನನ್ನು ಕಾಡಿದ ಮೇಲೆ ಬಾಯಿಬಿಟ್ಟಳು: "ನಿನಗೋಸ್ಕರಾನೇ ಕಣೇ. ಮಾರಿದ ದುಡ್ಡಲ್ಲಿ ನೀವಿಬ್ರೂ ಕಾರ್ಡಿಫ್‌ನಲ್ಲಿ ಮನೆ ಮಾಡ್ಕೊಳ್ಳಲಿ ಅಂತ ಅವನು ನಿನಗೆ ಕೊಡೋ ಮದುವೆ ಉಡುಗೊರೆ. ನಾನು ನಮ್ಮಕ್ಕನ ಮನೇಲಿ ಇರ್ತೀನಿ ಬಿಡು." ಕಾರ್ಡಿಫ್ ಯಾರಿಗೆ ಬೇಕಿತ್ತು? ಒಂದು ಮಾತು ಕೇಳಿದ್ದರೆ ನಿನ್ನ ನಾಲಿಗೆ ಸವೆಯುತ್ತಿತ್ತೇ?

ಮಂಗಳವಾರ ಆ ಅಂಗಡಿಯ ಮಾಸ್ಟಿನ್, ಕೊಳ್ಳಬಂದ ಗಂಡಹೆಂಡಿರಿಬ್ಬರನ್ನು ಗಿರಣಿ ತೋರಿಸಲು ಕರೆತಂದ. ಪೆದ್ದಿ ನಾನು, ಅವರಿಗೆಂದೇ ಒಣದ್ರಾಕ್ಷಿ ಹಾಕಿ ಕಾವಲಿಯ ಮೇಲೆ ಕೇಕು ಬೇಯಿಸುತ್ತಿದ್ದೆ. ಚಕ್ರ ತಿರುಗಿದರೆ ಬೆಲೆ ಬರುತ್ತದೆಂದು ಅವನು ತೂಬು ತೆರೆದ. ಬೀಸುಗಲ್ಲಿಗೆ ಕಾಳು ಸುರಿಯುವ ತೊಟ್ಟಿಯಲ್ಲಿ ಒಂದು ಕಾಳಿಲ್ಲ. ಕಾಳು ಮುಗಿದರೆ ಗಂಟೆ ತಾನಾಗಿ ಹೊಡೆದುಕೊಳ್ಳುತ್ತದೆ, ಹೊಡೆದುಕೊಂಡರೆ ಊಟ ಬಿಟ್ಟು ಓಡಬೇಕು ಎಂದು, ತಾತ ಗಿರಣಿ ನಡೆಸುತ್ತಿದ್ದ ಕಾಲದಲ್ಲೇ ನೀನು ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದೆ. ಗಂಟೆ ಹೊಡೆದುಕೊಂಡೂ ಇತ್ತಂತೆ. ಮಾತಾಡಲು ಬಿಡುವುದಿಲ್ಲವೆಂದು ಆ ಮಹಾಶಯ ಅದರ ನಾಲಿಗೆಗೆ ತನ್ನ ಕರವಸ್ತ್ರ ಬಿಗಿದ! ನನಗೆ ಕೇಳಿಸಿದ್ದೇನೂ ಇಲ್ಲ, ಸುಟ್ಟ ಕಲ್ಲಿನ ವಾಸನೆ ಬಂತು. ಓಡಿಬಂದರೆ ಬರಿಗಲ್ಲು ಬರಿಗಲ್ಲನ್ನೇ ಉಜ್ಜುತ್ತಾ ಕಿಡಿ ಕಾರುತ್ತಿದೆ, ಆ ಹೆಂಗಸು ಚಪ್ಪಾಳೆ ತಟ್ಟುತ್ತಿದ್ದಾಳೆ: "ಅಯ್ಯೋ, ಎಷ್ಟು ಚೆಂದ! ಪಾರ್ಟಿ ದಿನ ಹೀಗೇ ಮಾಡೋಣ ರೀ!" ಅವಳ ಗಂಡನಿಗೆ ಬೇರೆ ಚಿಂತೆ: "ಈ ಕಲ್ಲುಗಳನ್ನ ತೆಗೆದ್ರೆ ಇಲ್ಲೊಂದು ಬಿಸಿನೀರಿನ ತೊಟ್ಟಿ ಹಿಡಿಸುತ್ತಲ್ವಾ?"

ಹೊರಗೋಡಿ, ನೀರು ನಿಲ್ಲಿಸಲು ತೂಬಿನ ಹಲಗೆಯನ್ನು ಎಷ್ಟು ಜೋರಾಗಿ ಕೆಳಗಿಳಿಸಿದೆನೆಂದರೆ ಆ ಹಳೆಯ ಹಲಗೆ ಸೀಳಿಯೇ ಹೋಯಿತು. ಮಾಸ್ಟಿನ್ ಹಿಂದೆಯೇ ಬಂದ: "ಇಷ್ಟಕ್ಕೆಲ್ಲ ಕೋಪಾನಾ ಮೇಡಂ? ಕಲ್ಲು ತಾನೇ!" ಕಲ್ಲು ತಾನೇ! ಚಳಿಗಾಲವಿಡೀ ಮಂಡಿಯೂರಿ ಅದಕ್ಕೆ ಕಚ್ಚು ಹೊಡೆದೆಯಲ್ಲ, ಉಳಿಯಿಂದ ಹಾರಿದ ಉಕ್ಕಿನ ಚೂರುಗಳು ಇವತ್ತಿಗೂ ನಿನ್ನ ಮುಂಗೈಯಲ್ಲಿ ನೀಲಿ ಚುಕ್ಕಿಗಳಾಗಿ ಕೂತಿವೆಯಲ್ಲ, ಅದೆಲ್ಲ ಬರೀ ಕಲ್ಲು! ಬೇಯಿಸಿದ ಕೇಕನ್ನೆಲ್ಲ ಅವರ ಕಣ್ಣೆದುರೇ ಬಾತುಗಳಿಗೆ ಹಾಕಿದೆ. ಆದರೂ ಅಣ್ಣಾ, ಆ ಕರವಸ್ತ್ರ ಕಟ್ಟಿದವನಿಗಿಂತ ನಿನ್ನ ಮೇಲೆಯೇ ನನಗೆ ಹೆಚ್ಚು ಸಿಟ್ಟು. ಅವನಿಗೆ ಗಂಟೆ ಏನೆಂದು ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಅಮ್ಮ ಮುತ್ತು ಕಳಿಸಿದ್ದಾಳೆ, ಗೆಥಿನ್ ನಮಸ್ಕಾರ ಹೇಳಿದ್ದಾನೆ. ನನ್ನಿಂದ ಸದ್ಯಕ್ಕೆ ಏನೂ ಇಲ್ಲ.

ಕೆಂಡವಾಗಿರುವ ನಿನ್ನ ತಂಗಿ,
ಹೆಲೆದ್

ತಾ.ಕ. (ಮರುದಿನ ಬೆಳಿಗ್ಗೆ): ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಸೀಳಿದ ಹಲಗೆಯ ಜಾಗಕ್ಕೆ ಗೇಟಿನಲ್ಲಿದ್ದ 'ಮಾರಾಟಕ್ಕಿದೆ' ಹಲಗೆಯನ್ನೇ ಗೆಥಿನ್ ಕೊಯ್ದು ಕೂರಿಸಿದ. ಒಂದು ಹನಿ ಸೋರುತ್ತಿಲ್ಲ! ಅಕ್ಷರಗಳು ನೀರಿನ ಕಡೆಗಿವೆ, ಮೀನುಗಳು ಓದಿಕೊಳ್ಳಲಿ. ನಾವಿಬ್ಬರೂ ಇಲ್ಲೇ ಇರುತ್ತೇವೆ, ಅವನು ಬೀಸಲು ಕಲಿಯುತ್ತಾನಂತೆ. ಇಷ್ಟಾದ ಮೇಲೂ ಮಾರಲೇಬೇಕೆಂದರೆ ನೀನೇ ಬಂದು, ಕಾಲುವೆಗಿಳಿದು, ಆ ಹಲಗೆ ಕಿತ್ತುಕೋ. ಕಲ್ಲಿಗೆ ಕಚ್ಚು ಹೊಡೆಯುವ ನಿನ್ನ ಉಳಿಗಳಿಗೂ ಎಣ್ಣೆ ಹಚ್ಚಿಟ್ಟಿದ್ದೇನೆ.