ಟ್ಯಾಂಕಿನ ಬಾಯಿಗೆ ಯಾರನ್ನು ನಿಲ್ಲಿಸಬೇಕು?

ಕಾರ್ಖಾನೆಗಳ ಸುರಕ್ಷತೆ ನೋಡಿಕೊಳ್ಳುವ ಮಾನ್ಯ ಪರಿವೀಕ್ಷಕರೇ,

ನಿಮ್ಮ ವರದಿಯ ಪ್ರಕಾರ ನನ್ನ ಗಂಡ ಸತ್ತದ್ದು ಅಪ್ಪಣೆ ಕೇಳದೆ ಟ್ಯಾಂಕಿನೊಳಗೆ ಇಳಿದದ್ದರಿಂದ. "ಎರಡನೆಯ ಕಾರ್ಮಿಕನು ಅನುಮತಿ ಪಡೆಯದೆ ಒಳಪ್ರವೇಶಿಸಿದ್ದು ಆತನ ಸ್ವಂತ ಅಜಾಗರೂಕತೆ" ಎಂದು ಬರೆದಿದ್ದೀರಿ. ಆ ಎರಡನೆಯ ಕಾರ್ಮಿಕ ನನ್ನ ಯಜಮಾನರು. ಮೊದಲನೆಯವನು ಅವರ ತಮ್ಮ, ನನ್ನ ಮೈದುನ. ಅವನು ಬದುಕಿದ್ದಾನೆ. ಬರುವ ಸೋಮವಾರ ಅದೇ ಟ್ಯಾಂಕನ್ನು ಮತ್ತೆ ತೆರೆಯುತ್ತಾರೆ, ಅರ್ಧಕ್ಕೆ ನಿಂತ ಕೆಲಸ ಮುಗಿಸಲು ಮತ್ತೆ ಅವನೇ ಇಳಿಯಬೇಕು. ನಿಮ್ಮ ಕಚೇರಿಗೆ ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಪತ್ರಿಕೆಗೆ ಕೊಡುತ್ತಿದ್ದೇನೆ.

ನನಗೆ ಕಾನೂನಿನ ಭಾಷೆ ಬರುವುದಿಲ್ಲ. ನನ್ನ ಓದು ಹೈಸ್ಕೂಲಿಗೇ ನಿಂತಿತು. ದಿನಚರಿ ಬರೆದುಕೊಳ್ಳುವ ಅಭ್ಯಾಸವೊಂದು ಉಳಿದುಕೊಂಡಿದೆ, ಅದರ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅಜಾಗರೂಕತೆ ಎಂದು ಬರೆದುಕೊಳ್ಳಿ. ಆ ಪದ ನಿಮ್ಮ ಕೈಗೆ ಚೆನ್ನಾಗಿಯೇ ಪಳಗಿದೆ.

ಅಣ್ಣ ತಮ್ಮ ಇಬ್ಬರದೂ ಒಂದೇ ಕೆಲಸ, ಕಾರ್ಖಾನೆಗಳ ಕಬ್ಬಿಣದ ಟ್ಯಾಂಕುಗಳನ್ನು ಒಳಗಿನಿಂದ ಕೆರೆದು ಬಣ್ಣಕ್ಕೆ ಸಿದ್ಧ ಮಾಡುವುದು. ಅಡ್ಡ ಮಲಗಿಸಿದ ದೊಡ್ಡ ಪೀಪಾಯಿಯಂಥ ಟ್ಯಾಂಕು, ಮೇಲೆ ಒಂದು ದುಂಡನೆಯ ಬಾಯಿ. ಭುಜ ಓರೆ ಮಾಡಿಕೊಂಡರಷ್ಟೇ ಒಬ್ಬ ಆಳು ಅದರಲ್ಲಿ ತೂರಬಹುದು. ಒಬ್ಬನು ಒಳಗೆ ಕೆರೆಯುವಾಗ ಇನ್ನೊಬ್ಬನು ಮೇಲೆ ಕಾವಲಿರಬೇಕು. ಅದಕ್ಕೆ ಅವರು "ಬಾಯಿಗೆ ನಿಲ್ಲುವುದು" ಎನ್ನುತ್ತಾರೆ. ಇಳಿಯುವವನ ಸಂಬಂಧಿಕನೇ ಬಾಯಿಗೆ ನಿಲ್ಲಬೇಕೆಂಬುದು ಅವರ ಗುಂಪಿನ ರೂಢಿ. ಅಣ್ಣನಿಗೆ ತಮ್ಮ, ಮಾವನಿಗೆ ಅಳಿಯ. ಹೊರಗಿನವನಾದರೆ ಫೋನ್ ಬಂತೆಂದು ಆಚೆ ಹೋಗುತ್ತಾನೆ, ಟೀ ಬಂತೆಂದು ನೆರಳಿಗೆ ಸರಿಯುತ್ತಾನೆ. ಒಡಹುಟ್ಟಿದವನು ಕದಲುವುದಿಲ್ಲ.

ನನ್ನ ಯಜಮಾನರು ಆಗಾಗ ಬಾಯಿಗೆ ಮುಖವಿಟ್ಟು, "ಏನೋ, ಬದುಕಿದ್ದೀಯಾ?" ಎಂದು ಕೂಗುತ್ತಿದ್ದರು. ಒಳಗಿನಿಂದ ಮೈದುನ, "ಇಲ್ಲ ಕಣಣ್ಣ, ಸತ್ತು ಬಹಳ ಹೊತ್ತಾಯ್ತು. ಟೀ ಬಂದ್ರೆ ಎಬ್ಬಿಸು" ಎನ್ನುತ್ತಿದ್ದ. ಈ ಮಾತು ಮನೆಗೂ ಬಂದಿತ್ತು. ಅವನು ಬಚ್ಚಲಮನೆಯಲ್ಲಿ ತಡ ಮಾಡಿದರೆ ಇವರು ಬಾಗಿಲು ತಟ್ಟಿ ಅದನ್ನೇ ಕೇಳುತ್ತಿದ್ದರು. ಮನೆಯೊಳಗೆ ಸಾವಿನ ಮಾತು ಯಾಕೆ ಎಂದು ನಾನು ರೇಗಿದರೆ, "ಅದೇ ಕಣೇ ನಮ್ಮ ಮೀಟರು" ಎಂದು ನಗುತ್ತಿದ್ದರು. ನಿಜವೇ. ಗಾಳಿ ಅಳೆಯುವ ಬೇರೆ ಮೀಟರನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಆ ದಿನದ ಟ್ಯಾಂಕು ಖಾಲಿ ಇತ್ತು. ಮಳೆಗಾಲಕ್ಕೆ ಮುಂಚೆಯೇ ತೊಳೆದು ಮುಚ್ಚಳ ಬಿಗಿದಿದ್ದರಂತೆ. ಮುಚ್ಚಳ ತೆಗೆದಾಗ ಇಬ್ಬರೂ ಮೂಗೊಡ್ಡಿ ನೋಡಿದರು, ಯಾವ ವಾಸನೆಯೂ ಇಲ್ಲ. ವಾಸನೆ ಇಲ್ಲದ್ದು ಒಳ್ಳೆಯ ಟ್ಯಾಂಕು ಎಂದು ಅವರ ನಂಬಿಕೆ. ಗಬ್ಬು ಹೊಡೆಯುವ ಟ್ಯಾಂಕಾಗಿದ್ದರೆ ಗಾಳಿ ಊದುವ ಫ್ಯಾನು ಬರುವ ತನಕ ಇಳಿಯುತ್ತಲೇ ಇರಲಿಲ್ಲ. ಇದಕ್ಕೆ ಫ್ಯಾನು ಕೇಳಲೇ ಇಲ್ಲ. ಅಗ್ನಿಶಾಮಕ ದಳದವರೊಬ್ಬರು ಆಮೇಲೆ ನನಗೆ ಬಿಡಿಸಿ ಹೇಳಿದರು. ಒದ್ದೆ ಕಬ್ಬಿಣವನ್ನು ಹಾಗೆ ಮುಚ್ಚಿಟ್ಟರೆ ಅದು ತುಕ್ಕು ಹಿಡಿಯುತ್ತ ಒಳಗಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಉಳಿದ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟಿದ ಹಾಗೂ ಅನಿಸುವುದಿಲ್ಲವಂತೆ, ಮಂಡಿ ಕುಸಿಯುತ್ತದೆ ಅಷ್ಟೆ. ತುಕ್ಕು ಕೆರೆಯಲು ಹೋದವರ ಉಸಿರನ್ನು ತುಕ್ಕೇ ತಿಂದುಹಾಕಿತ್ತು. ಈ ವಿಷಯ ನಿಮ್ಮ ಇಲಾಖೆಗೆ ಗೊತ್ತಿರಲಿಲ್ಲವೇ? ಗೊತ್ತಿದ್ದರೆ ಇಳಿಯುವವರಿಗೆ ಯಾಕೆ ಹೇಳಲಿಲ್ಲ? ಗೊತ್ತಿರಲಿಲ್ಲವಾದರೆ ಆ ಕುರ್ಚಿಯಲ್ಲಿ ಕೂತು ನೀವು ಪರಿವೀಕ್ಷಿಸುವುದಾದರೂ ಏನನ್ನು?

ಮೈದುನ ಇಳಿದ. ಕೆರೆಯುವ ಸದ್ದು ಸ್ವಲ್ಪ ಹೊತ್ತು ಕೇಳಿಸಿ ನಿಂತುಹೋಯಿತು. ಇವರು ಎಂದಿನಂತೆ ಕೂಗಿದರು. ಉತ್ತರವಿಲ್ಲ. ಬೇಕೆಂದೇ ಸುಮ್ಮನಿದ್ದು ಅಣ್ಣನನ್ನು ಆಟ ಆಡಿಸುವುದು ಅವನಿಗೆ ಹೊಸದಲ್ಲ. "ಆಟ ಸಾಕು, ಬಾಯಿ ಬಿಡು" ಎಂದರಂತೆ. ಪಕ್ಕದಲ್ಲಿದ್ದ ಮೇಸ್ತ್ರಿ ನಕ್ಕರಂತೆ. ಟಾರ್ಚು ಹಾಕಿ ನೋಡಿದಾಗ ತಮ್ಮ ಬೋರಲಾಗಿ ಬಿದ್ದಿದ್ದ. ಇವರು ತಕ್ಷಣ ಇಳಿದುಬಿಟ್ಟರು. ಅವನನ್ನು ಹೆಗಲ ಮೇಲೆ ಹಾಕಿಕೊಂಡು ಬಾಯಿಯತ್ತ ಎತ್ತಿದರು. ಮೇಸ್ತ್ರಿಯೂ ಇನ್ನೊಬ್ಬ ಕೆಲಸಗಾರನೂ ಅವನ ಕೈಗಳನ್ನು ಹಿಡಿದು ಹೊರಗೆಳೆದುಕೊಂಡರು. ತಿರುಗಿ ಬಗ್ಗಿ ನೋಡುವಷ್ಟರಲ್ಲಿ ಇವರು ಕೆಳಗೆ ಬಿದ್ದಿದ್ದರು. ಆ ಕೆಲಸಗಾರ ತಾನೂ ಇಳಿಯಲು ಹೋದ. ಮೇಸ್ತ್ರಿ ಅವನ ಸೊಂಟ ಹಿಡಿದು ಕೆಡವಿ, ದಳದವರು ಬರುವ ತನಕ ಅದುಮಿಕೊಂಡೇ ಇದ್ದರು.

ಅವತ್ತಿನಿಂದ ಮೇಸ್ತ್ರಿ ಎದುರಾದರೆ ನಾನು ದಾರಿ ಬದಲಿಸುತ್ತೇನೆ. ಆದರೂ ಅವರು ಮಾಡಿದ್ದು ಸರಿ. ಇಲ್ಲದಿದ್ದರೆ ಈ ಪತ್ರದ ಕೆಳಗೆ ಇನ್ನೊಬ್ಬ ಹೆಂಗಸಿನ ಸಹಿಯೂ ಇರುತ್ತಿತ್ತು. ನಿಮ್ಮ ನಿಯಮವೂ ಸರಿ, ಹೊರಗಿದ್ದವನು ಒಳಗೆ ಇಳಿಯಬಾರದು. ಒಪ್ಪಿದೆ. ಆದರೆ ಆ ಹೊರಗಿದ್ದವನ ಕೈಗೆ ಏನು ಕೊಟ್ಟಿದ್ದಿರಿ? ಇಳಿದವನ ಮೈಗೆ ಬೆಲ್ಟಿತ್ತೇ? ಬೆಲ್ಟಿಗೆ ಹಗ್ಗವಿತ್ತೇ? ಹಗ್ಗ ಎಳೆಯಲು ಮೇಲೊಂದು ರಾಟೆಯಿತ್ತೇ? ಇವು ಯಾವುವೂ ಇಲ್ಲದೆ ಬರೀ "ಇಳಿಯಬೇಡ" ಎಂದರೆ "ಸಾಯುವುದನ್ನು ನೋಡುತ್ತಾ ನಿಂತಿರು" ಎಂದೇ ಅರ್ಥವಾಯಿತಲ್ಲವೇ? ಅನುಮತಿ ಎಂದಿರಿ. ನನ್ನ ಯಜಮಾನರು ಯಾರ ಹತ್ತಿರ ಕೇಳಬೇಕಿತ್ತು? ನಿಮ್ಮ ಕಚೇರಿಗೆ ಬಂದು, ಬೆಂಚಿನ ಮೇಲೆ ಕೂತು, ಸಾಹೇಬರು ಊಟ ಮುಗಿಸಿ ಬರಲಿ ಎಂದು ಕಾಯಬೇಕಿತ್ತೇ?

ಈಗ ನೀವು ಕಂಡುಹಿಡಿದಿರುವ ಪರಿಹಾರ ನೋಡಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಟ್ಯಾಂಕಿಗೆ ಕೆಂಪು ಅಕ್ಷರದ ಒಂದು ಬೋರ್ಡು ಹಾಕಿಸಿದ್ದೀರಿ. ಜೊತೆಗೆ, ಇನ್ನು ಮುಂದೆ ಬಾಯಿಗೆ ರಕ್ತಸಂಬಂಧಿಗಳನ್ನು ನಿಲ್ಲಿಸಕೂಡದು ಎಂದು ಆದೇಶ ಹೊರಡಿಸಿದ್ದೀರಿ. ಅಂದರೆ, ಮಾನ್ಯರೇ, ತಪ್ಪು ಗಾಳಿಯದಲ್ಲ, ಅಣ್ಣತನದ್ದು. ಬೆಲ್ಟು, ರಾಟೆ, ಮೀಟರು ತರಿಸುವುದಕ್ಕಿಂತ ಕರುಳಿಲ್ಲದವನನ್ನು ಹುಡುಕಿ ತರುವುದೇ ನಿಮಗೆ ಸುಲಭವಾಗಿ ಕಂಡಿದೆ.

ಮೊನ್ನೆ ಮೈದುನ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕೂತ. ಈಗ ಅವನು ಬಚ್ಚಲಮನೆಯ ಬಾಗಿಲನ್ನು ಪೂರ್ತಿ ಹಾಕಿಕೊಳ್ಳುವುದಿಲ್ಲ. ನನ್ನ ಮುಖ ನೋಡದೆ ಕೇಳಿದ, "ಅತ್ತಿಗೆ, ಈ ಸಲ ಬಾಯಿಗೆ ಯಾರನ್ನ ನಿಲ್ಸೋದು?"

ಹೋಗಲೇಬೇಡ ಎಂದೆ.

"ನಾನು ಇಳೀದಿದ್ರೆ ಇನ್ನೊಬ್ಬ ಇಳೀತಾನೆ. ಅವನಿಗೂ ಒಂದು ಮನೆ ಇರುತ್ತಲ್ಲ ಅತ್ತಿಗೆ."

ನಾನೇ ಬಂದು ನಿಲ್ಲುತ್ತೇನೆ ಎಂದೆ. ಅವನು ತಲೆಯಾಡಿಸಿದ. "ನೀವು ಬೇಡ. ನೀವೂ ಇಳೀತೀರಿ."

ಅವನು ಹೇಳಿದ್ದು ನಿಜ. ನಾನು ಇಳಿಯುತ್ತೇನೆ. ಮಗುವಿನಂತೆ ಸಾಕಿದ ಮೈದುನ ಅವನು, ಅಷ್ಟೇ ಅಲ್ಲ, ನನ್ನ ಯಜಮಾನರು ಹೆಗಲು ಕೊಟ್ಟು ಮೇಲಕ್ಕೆ ಕಳಿಸಿದ ಕೊನೆಯ ವಸ್ತು. ಅವನನ್ನು ಮತ್ತೆ ಆ ತಳದಲ್ಲಿ ಬಿಟ್ಟು ಬರಲು ನನ್ನಿಂದಾಗದು. ಹಾಗಾಗಿ ನಿಮ್ಮ ಆದೇಶದ ಪ್ರಕಾರ ನಾನು ಈ ಕೆಲಸಕ್ಕೆ ಅನರ್ಹಳು. ಅರ್ಹರು ಯಾರೆಂದು ಬಹಳ ಯೋಚಿಸಿದೆ. ಅವನಿಗೆ ರಕ್ತಸಂಬಂಧಿಯಾಗಿರಬಾರದು, ಅವನು ಬಿದ್ದರೆ ಕಾಲು ಮುಂದಿಡಬಾರದು, ಆಮೇಲೆ ಅದನ್ನು ಒಳ್ಳೆಯ ಭಾಷೆಯಲ್ಲಿ ಬರೆಯಲೂ ಬರಬೇಕು. ನೀವೊಬ್ಬರೇ ಹೊಳೆದಿರಿ.

ಆದ್ದರಿಂದ ನನ್ನ ಬೇಡಿಕೆ ಇದು. ಸೋಮವಾರಕ್ಕೆ ಮುಂಚೆ ಆ ಟ್ಯಾಂಕಿಗೆ ಗಾಳಿ ಊದಿಸಿ. ಯಾರೂ ತಲೆ ಒಡ್ಡುವ ಮೊದಲು ಮೀಟರನ್ನು ಒಳಗೆ ಇಳಿಬಿಟ್ಟು ಅಳೆಯಿರಿ, ಕೆಲಸ ಮುಗಿಯುವ ತನಕ ಅದು ಒಳಗೇ ಇರಲಿ. ಇಳಿಯುವವನಿಗೆ ಬೆಲ್ಟು, ಹಗ್ಗ, ಬಾಯಿಯ ಮೇಲೆ ಮೂರು ಕಾಲಿನ ರಾಟೆ ಕೊಡಿ. ನನ್ನ ಯಜಮಾನರ ಹೆಸರಿನ ಎದುರಿನಿಂದ ಅಜಾಗರೂಕತೆ ಎಂಬ ಪದವನ್ನು ಹೊಡೆದುಹಾಕಿ. ಇಷ್ಟು ಮಾಡಿದರೆ ಬಾಯಿಗೆ ಯಾರು ಬೇಕಾದರೂ ನಿಲ್ಲಬಹುದು, ಅಣ್ಣನೂ ನಿಲ್ಲಬಹುದು, ಅವನು ಇಳಿಯಬೇಕಾಗುವುದಿಲ್ಲ.

ಆಗುವುದಿಲ್ಲ ಎನ್ನುವಿರಾದರೆ ಸೋಮವಾರ ಬೆಳಿಗ್ಗೆ ನೀವೇ ಬನ್ನಿ. ಟ್ಯಾಂಕಿನ ಮೇಲೆ ಹತ್ತಿ ನನ್ನ ಯಜಮಾನರು ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಿ. ಕೆರೆಯುವ ಸದ್ದು ನಿಂತಾಗ ಬಗ್ಗಿ, ಬದುಕಿದ್ದೀಯಾ ಎಂದು ಕೂಗಿ. ಉತ್ತರ ಬಾರದಿದ್ದರೆ ಏನು ಮಾಡಬೇಕೆಂದು ಆಗ ನಿಮಗೆ ನೀವೇ ಅಪ್ಪಣೆ ಕೊಟ್ಟುಕೊಳ್ಳಿ.

ಇಂತಿ,
ನಿಮ್ಮ ಉತ್ತರಕ್ಕೆ ಕಿವಿಗೊಟ್ಟು ಕೂತಿರುವ,
ಅಪ್ಪಣೆ ಕೇಳದೆ ಇಳಿದವರ ಹೆಂಡತಿ