ಒಂದೇ ಬಾನಿಯ ನೀರು

ನೆಲೋಗಿ
ಅಕ್ಟೋಬರ್ 14, 1948

ಪ್ರೀತಿಯ ಮಗ ಸಿಮ್ಯೋನನಿಗೆ, ನಿನ್ನವ್ವ ಸುವಾರ್ತಮ್ಮನ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಗಿರಣಿಯ ಹತ್ತಿಧೂಳಿಗೆ ಬೆಲ್ಲ ತಿನ್ನು ಎಂದಿದ್ದೆ, ತಿನ್ನುತ್ತೀಯೋ ಇಲ್ಲವೋ. ಸೊಲ್ಲಾಪುರದ ಖಾನಾವಳಿಯಲ್ಲಿ ಹೊಟ್ಟೆ ತುಂಬ ಊಟ ಹಾಕುತ್ತಾರೆಯೇ? ಇಲ್ಲಿ ರಜಾಕಾರರ ಗಲಾಟೆ ಅಡಗಿ ಟಪಾಲು ಮತ್ತೆ ಓಡಾಡುತ್ತಿದೆ, ಇನ್ನು ಪತ್ರ ಬರೆಯದಿರಲು ನಿನಗೆ ನೆವವಿಲ್ಲ. ನಾನು ಗಟ್ಟಿಯಾಗಿದ್ದೇನೆ. ಆದರೆ ನಮ್ಮ ಕರಿ ಎತ್ತು ಹೋಯಿತು ಮಗಾ. ಹೊಟ್ಟೆ ಉಬ್ಬಿ ಸತ್ತಿತು. ಕೂತು ಅತ್ತೆ, ಸುಳ್ಳೇಕೆ ಹೇಳಲಿ.

ಅದು ಸತ್ತ ಮರುದಿನವೇ ಒಳ್ಳೆ ಮಳೆ ಬಿತ್ತು. ಹಿಂಗಾರಿ ಜೋಳಕ್ಕೆ ಹೊಲ ಹದಕ್ಕೆ ಬಂದು ನಿಂತಿತ್ತು, ಕೊಟ್ಟಿಗೆಯಲ್ಲಿ ಬಿಳಿಯ ಒಂದೇ ಎತ್ತು. ಬಿಸಿಲು ಬಿದ್ದರೆ ನಮ್ಮ ಎರೆಮಣ್ಣು ಕಲ್ಲಾಗುತ್ತದೆ, ಆಮೇಲೆ ಈ ವರ್ಷ ಬಿತ್ತಿಗೆಯೇ ಇಲ್ಲ ಅಂದುಕೊಂಡೆ. ಆದರೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ನಿನ್ನ ಸೊಕ್ಕು ಬೇರೆಲ್ಲಿಂದ ಬರಬೇಕು, ನನ್ನಿಂದಲೇ ಬಂದದ್ದು. ಬೆಳಕು ಹರಿಯುವಾಗ ಬಾಗಿಲು ತೆಗೆದರೆ ಸಾಯಬಣ್ಣ ತನ್ನ ಎತ್ತು ಹಿಡಿದು ನಿಂತಿದ್ದ.

ಹೌದು, ಅದೇ ಸಾಯಬಣ್ಣ. ಹೋದ ವರ್ಷ ಕೆಳಗಿನ ಕೇರಿಯಿಂದ ನಮ್ಮ ಕ್ರೈಸ್ತ ಸಭೆಗೆ ಬಂದವನು. ಕರ್ತನ ಭೋಜನದ ದಿನ ಅವನು ಕುಡಿದ ದ್ರಾಕ್ಷಾರಸದ ಪಾತ್ರೆ ನಿನ್ನ ಕೈಗೆ ಬಂದಾಗ "ಇವನ ಎಂಜಲ ನಾ ಕುಡಿಯಂಗಿಲ್ಲ" ಎಂದು ಎಲ್ಲರೆದುರು ಎದ್ದು ಹೋದೆಯಲ್ಲ, ಆ ಸಾಯಬಣ್ಣ. ಅವನಿಗೂ ಇರುವುದು ಒಂದೇ ಎತ್ತು, ಬಿತ್ತುವಾಗ ಅಣ್ಣನ ಎತ್ತಿನ ಜೊತೆ ಹೂಡುತ್ತಾನೆ. "ನಿನ್ನ ಹೊಲದ ಹದ ಹೋಗ್ತದಲ್ಲೋ" ಎಂದೆ. "ಹೋಗ್ಲಿ ಬಿಡ್ರಿ ಯವ್ವಾ. ಸಿಮ್ಯೋನ ಊರಾಗ ಇಲ್ಲ, ನಾ ಅದೀನಲ್ರಿ" ಎಂದು ನೊಗ ಎತ್ತಿಕೊಂಡ. ನಮ್ಮ ಬಿಳಿಯನೂ ಅವನ ಕೆಂದೆತ್ತೂ ಮೊದಲು ತಲೆ ಕೊಡವಿ ಗುದ್ದಾಡಿದವು, ಮಧ್ಯಾಹ್ನದ ಹೊತ್ತಿಗೆ ಹೆಜ್ಜೆ ಕೂಡಿತು. ಕೂರಿಗೆಗೆ ಬೀಜ ಬಿಟ್ಟವಳು ನಾನೇ. ಬದುವಿನ ಮೇಲೆ ಹೊರಟಿದ್ದ ಗೌಡರು "ಇವ ನಿನಗ ಏನಾಗಬೇಕ ಮುದುಕಿ?" ಎಂದು ನಕ್ಕರು. "ಮಗ ಆಗಬೇಕ್ರಿ" ಎಂದೆ. ಅಷ್ಟು ಗಟ್ಟಿ ದನಿಯಲ್ಲಿ ನಾನು ಸಭೆಯಲ್ಲಿ ಹಾಡನ್ನೂ ಹೇಳಿಲ್ಲ.

ನಮ್ಮದು ಮುಗಿದ ಮರುದಿನ ಸಭೆಯ ಮಂದಿಯೆಲ್ಲ ತಮ್ಮ ತಮ್ಮ ಬಿತ್ತಿಗೆ ಬಿಟ್ಟು ಸಾಯಬಣ್ಣನ ಹೊಲಕ್ಕಿಳಿದರು. ಹದ ಆರುವ ಮೊದಲೇ ಅದೂ ಆಯಿತು. ನಾನು ಎಲ್ಲರಿಗೂ ರೊಟ್ಟಿ ಬಡಿದೆ, ಕೈ ಇನ್ನೂ ನೋಯುತ್ತದೆ. ಇಂಥ ಮಂದಿಯ ನಡುವೆ ಮುದುಕಿಯಾದೆನಲ್ಲ ಎಂದು ನನಗೆಷ್ಟು ಹೆಮ್ಮೆ ಗೊತ್ತೇ! ನೀನು ನೋಡಬೇಕಿತ್ತು.

ಮೈ ಜೋಪಾನ. ಕರ್ತನು ನಿನ್ನ ಹಗಲನ್ನೂ ರಾತ್ರಿ ಪಾಳಿಯನ್ನೂ ಕಾಯಲಿ.

ನಿನ್ನ ಅವ್ವ,
ಸುವಾರ್ತಮ್ಮ

ತಾ.ಕ.: ಟಪಾಲಿನವ ಅವಸರ ಮಾಡುತ್ತಿದ್ದಾನೆ. ಬಿಳಿಯ ಈಗ ಸಾಯಬಣ್ಣನ ಎತ್ತಿನ ಜೊತೆ ಒಂದೇ ಬಾನಿಯಲ್ಲಿ ನೀರು ಕುಡಿಯುತ್ತದೆ. ಕ್ರಿಸ್ಮಸ್‌ಗೆ ಬಾ. ನೀನು ಬರುವುದಾದರೆ ತಾನು ಎಲ್ಲರಿಗಿಂತ ಕೊನೆಗೆ ಕರ್ತನ ಭೋಜನದ ಪಾತ್ರೆ ಮುಟ್ಟುತ್ತೇನೆ ಎಂದು ಸಾಯಬಣ್ಣ ಹೇಳಿದ. ನಾನು ಒಪ್ಪಿಲ್ಲ. ಅವನು ಮೊದಲು ಕುಡಿಯುತ್ತಾನೆ, ಅವನ ಹಿಂದೆ ನಾನು, ನನ್ನ ಹಿಂದೆ ನೀನು. ಅವ್ವನ ಎಂಜಲು ಉಂಡು ಬೆಳೆದವನು, ಬೇಡ ಅನ್ನು ನೋಡೋಣ.