ಎತ್ತಿ ಕಟ್ಟಿದ ಪಂಚೆ

ಮಾಯಸಂದ್ರ
14-2-1979, ಬುಧವಾರ

ಪ್ರೀತಿಯ ಅವ್ವನಿಗೆ,

ಮಗಳು ಗಿರಿಜಾಂಬಿಕಾ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಪೆನ್ನು ಮುಂದಕ್ಕೆ ಹೋಗುತ್ತಿಲ್ಲ, ಹಾಗಾಗಿ ಬರೆಯುವುದಿಲ್ಲ. ನೀನೂ ಅಪ್ಪನೂ ಚೆನ್ನಾಗಿದ್ದರೆ ಸಾಕು. ಈ ಕಾಗದ ಉದ್ದ ಇದೆ. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಇಳಿಸಿ, ಕೈ ಒರೆಸಿಕೊಂಡು ಬಂದು ಕೂತು ಕೇಳು.

ತಮ್ಮ ತೋಂಟದಾರ್ಯ ನಿನ್ನೆ ಬಂದು ಹೋದ. ಸೋಮವಾರ ಅಪ್ಪ ಬರುತ್ತಾರಂತೆ, ನನ್ನನ್ನೂ ಮಗುವನ್ನೂ ಅರಳಗುಪ್ಪೆಗೆ ಕರೆದುಕೊಂಡು ಹೋಗುತ್ತಾರಂತೆ, ಶಿವರಾತ್ರಿ ಅಲ್ಲೇ ಅಂತೆ, ಆಮೇಲೂ ಅಲ್ಲೇ ಅಂತೆ. ಬಟ್ಟೆ ಕಟ್ಟಿಟ್ಟುಕೊಂಡಿರಬೇಕಂತೆ. ನಿನ್ನ ಅಳಿಯನ ಬಗ್ಗೆ ಏನು ಹೇಳಿದರು ಎಂದು ಕೇಳಿದೆ. ಅವನು ತನ್ನ ಚಪ್ಪಲಿ ನೋಡಿಕೊಂಡು ನಿಂತ. ಗದರಿಸಿದ ಮೇಲೆ ಬಾಯಿ ಬಿಟ್ಟ. “ಮೈಮೇಲೆ ಗ್ಯಾನ ಇಲ್ದೆ ಮಿಷಿನ್ನಿಗೆ ಕಾಲ್ ಕೊಟ್ಟೋನ ಜತೆ ನನ್ ಮಗಳು ಯಾಕೆ ಸಾಯ್ಬೇಕು ಅಂದ್ರು ಕಣಕ್ಕ” ಎಂದ.

ನಾನು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾಗದದ ಕೊನೆಯವರೆಗೆ ನೀನು ಆಸೆ ಇಟ್ಟುಕೊಂಡು ಕೂರುವುದು ಬೇಡ. ನನಗೆ ಬೇಕಾಗಿರುವುದು ಇಷ್ಟೇ: ಅಪ್ಪ ಬಂದು ಆ ಮಾತನ್ನು ಇವರ ಎದುರಿಗೆ ಆಡಬಾರದು. ಇವರ ಕಾಲು ಹೋಯಿತು, ಸಾಮಿಲ್ಲು ನಿಂತಿತು. ತಾನು ಜೋಪಾನವಾಗಿ ಕೆಲಸ ಮಾಡಿದವನು ಅನ್ನುವ ಒಂದು ಸಮಾಧಾನ ಮಾತ್ರ ಇವರ ಹತ್ತಿರ ಉಳಿದಿದೆ. ಅದನ್ನೂ ಕಿತ್ತುಕೊಂಡರೆ ಇವರು ಯಾವುದನ್ನು ಹಿಡಿದುಕೊಂಡು ಇರಬೇಕು?

ಮೈಮೇಲೆ ಗ್ಯಾನ ಇರಲಿಲ್ಲವಂತೆ! ಮದುವೆಯಾಗಿ ಬಂದ ಹೊಸದರಲ್ಲಿ ಇವರ ಜೋಪಾನ ನೋಡಿ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಮುದಿ ತೆಂಗಿನ ಮರ ಕೆಡವಲು ಹೋದರೆ ಹೆಣ್ಣು ನೋಡಲು ಬಂದವರ ಹಾಗೆ ಮೊದಲು ಅದರ ಸುತ್ತ ತಿರುಗುವರು. ಯಾವ ಕಡೆ ವಾಲಿದೆ, ಬುಡ ಟೊಳ್ಳೋ ಗಟ್ಟಿಯೋ, ಗಾಳಿ ಎತ್ತಲಿಂದ ಬೀಸುತ್ತಿದೆ, ಎಲ್ಲ ವಿಚಾರಣೆ ಆಗಬೇಕು. ಕಾಯಿ, ಒಣಗಿದ ಸೋಗೆ ಪೂರ್ತಿ ಇಳಿಸುವವರೆಗೆ ಯಾರೂ ಕೊಡಲಿ ಮುಟ್ಟುವಂತಿಲ್ಲ. ಒಂದು ಸಲ ಮರ ಕಡಿಯುವ ದುರ್ಗಯ್ಯ ಆತುರಕ್ಕೆ ಬಿದ್ದು ಎರಡೇಟು ಹಾಕಿದ, ಅದುರಿಗೆ ಮೇಲಿದ್ದ ಕಾಯಿ ಕಳಚಿ ಅವನ ಭುಜದ ಮೇಲೆ ಬಿದ್ದು ಮೂಳೆ ಮುರಿಯಿತು. ಇವರು ತಿಂಗಳುಗಟ್ಟಲೆ ಅವನ ಮನೆಗೆ ರಾಗಿ ಕಳಿಸಿದರು, ತಿಂಗಳುಗಟ್ಟಲೆ ಬೈದರು. ಹಗ್ಗ ಮರಕ್ಕಿಂತ ಉದ್ದ ಇರಬೇಕು, ಎಳೆಯುವವರು ಮರದ ತುದಿ ಬೀಳುವ ಜಾಗದಿಂದ ಆಚೆ ನಿಲ್ಲಬೇಕು. ದಿಮ್ಮಿ ಮಿಲ್ಲಿಗೆ ಬಂದ ಮೇಲೆ, ಮಗುವಿಗೆ ಜ್ವರ ಇದೆಯಾ ಎಂದು ನೋಡುವ ಹಾಗೆ ಉದ್ದಕ್ಕೂ ಅಂಗೈಯಲ್ಲಿ ಸವರಿ ನೋಡುವರು. ದನ ಕಟ್ಟಲು ಯಾರೋ ಹೊಡೆದ ಮೊಳೆ ಒಳಗೆ ಉಳಿದಿದ್ದರೆ ಗರಗಸದ ಹಲ್ಲು ಹಾರಿ ಕಣ್ಣಿಗೆ ಬೀಳುತ್ತದಂತೆ. ಹಲಗೆಯ ಕೊನೆಯ ಗೇಣನ್ನು ಕೈಯಿಂದ ತಳ್ಳುವಂತಿಲ್ಲ, ಅದಕ್ಕೊಂದು ಕೋಲು.

ಷೆಡ್ಡಿನ ಬಾಗಿಲಲ್ಲಿ ಒಂದು ಉದ್ದ ಮೊಳೆ ಇದೆ. ಒಳಗೆ ಬರುವವರು ಹೆಗಲ ಮೇಲಿನ ಟವೆಲ್ಲನ್ನು ಅದಕ್ಕೆ ಹಾಕಿಯೇ ಬರಬೇಕು. ಗೌಡರಾದರೂ ಸರಿ, ಅಯ್ಯನವರಾದರೂ ಸರಿ. ತಾವು ಖಾಕಿ ಚಡ್ಡಿ, ಬನೀನು ಹಾಕಿಕೊಂಡು ನಿಲ್ಲುವರು. “ಮಿಷಿನ್ ಮುಂದೆ ಜೋತಾಡೋದು ಏನೂ ಇರ್ಬಾರ್ದು ಕಣೇ” ಅನ್ನುವರು. ನಮ್ಮ ಸರ್ವಮಂಗಳ ಇನ್ನೂ ಮೂರು ತುಂಬದ ಕೂಸು, ಈಗಲೂ ಆ ಬಾಗಿಲ ಹತ್ತಿರ ಹೋದರೆ ಜಡೆಯ ರಿಬ್ಬನ್ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತದೆ.

ಅಪ್ಪ ಮೊದಲ ಸಲ ಮಿಲ್ಲು ನೋಡಲು ಬಂದು ಹೋದದ್ದು ನಿನಗೆ ನೆನಪಿದೆ. ಅವತ್ತು ಮನೆಗೆ ಬಂದು ಊಟ ಬಿಟ್ಟು ಮಲಗಿದರು ಎಂದು ನೀನೇ ಹೇಳಿದ್ದೆ. ಜರಿ ಅಂಚಿನ ಶಲ್ಯ ಹೊದ್ದು ಬಂದಿದ್ದರು. ಇವರು ಚಡ್ಡಿಯಲ್ಲಿ ನಿಂತು, “ಮಾವ, ಶಲ್ಯ ಆ ಮೊಳೆಗೆ ಹಾಕಿ ಬನ್ನಿ” ಎಂದರು. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಹೆಣ್ ಕೊಟ್ಟ ಮಾವ ಬಂದವ್ನೆ, ಚಡ್ಡೀಲಿ ನಿಂತ್ಕಂಡು ಶಲ್ಯ ತೆಗಿ ಅಂತೀಯಲ್ಲಪ್ಪ. ಮೊದ್ಲು ಪಂಚೆ ಉಡೋದು ಕಲಿ” ಅಂದವರು ನೀರೂ ಕುಡಿಯದೆ ಬಸ್ಸು ಹತ್ತಿದರು. ಎರಡು ವರ್ಷ ಈ ಕಡೆ ತಲೆ ಹಾಕಲಿಲ್ಲ.

ಅದರ ಮಾರನೆಯ ದಿನವೇ ಇವರು ಚಡ್ಡಿ ಬಿಟ್ಟರು. ಇದು ನಿನಗೆ ಗೊತ್ತಿರಲಾರದು. ಮಿಷಿನ್ನಿನ ಮುಂದೆ ಪಂಚೆ, ಮೊಣಕಾಲ ಮೇಲಕ್ಕೆ ಎತ್ತಿ ಬಿಗಿಯಾಗಿ ಕಟ್ಟಿದ ಪಂಚೆ. ನಾನು ಜಗಳ ತೆಗೆದೆ. ಟವೆಲ್ಲೇ ಬೇಡ ಅನ್ನುವವರು ಪಂಚೆ ಹೇಗೆ ಉಡುತ್ತೀರಿ ಎಂದೆ. “ಎತ್ತಿ ಕಟ್ಟಿದ್ರೆ ಅದೂ ಚಡ್ಡೀನೇ ಕಣೇ. ನಿಮ್ಮಪ್ಪ ಹೇಳಿ ಬರೋರಲ್ಲ, ಯಾವತ್ತು ಬಾಗ್ಲಲ್ಲಿ ನಿಲ್ತಾರೋ” ಎಂದು ನಕ್ಕರು. ಅಷ್ಟೊಂದು ಕಟ್ಟುನಿಟ್ಟಿನ ಮನುಷ್ಯ ತಮ್ಮ ಕಟ್ಟಪ್ಪಣೆಗಳಲ್ಲಿ ಒಂದನ್ನು ಮುರಿದರು, ಅದೂ ಅಪ್ಪನಿಗಾಗಿ.

ಕಾರ್ತಿಕದಲ್ಲಿ ಅಪ್ಪ ಕೊನೆಗೂ ಬಂದ ದಿನದ ಸಂಗತಿ ನಿನಗೆ ಗೊತ್ತಿರುವುದು ಹೀಗೆ. ಅಪ್ಪ ಬಸ್ಸಿಳಿದು ಬರುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಇವರ ಕಾಲು ಜಾರಿ, ಪಂಚೆ ಇಂಜಿನ್ನಿನ ಬೆಲ್ಟಿಗೆ ಸಿಕ್ಕಿತ್ತು. ಊರಿಗೆಲ್ಲ ಗೊತ್ತಿರುವುದೂ ಅದೇ. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದಾಗ ಇವರು ಹೇಳಿದ್ದೂ ಅದೇ. ನಾನೂ ನಂಬಿದ್ದೆ.

ಅವ್ವ, ಅವತ್ತಿನ ಗಲಾಟೆಯಲ್ಲಿ ಜರಿ ಶಲ್ಯ ಎಲ್ಲೋ ಬಿದ್ದುಹೋಯಿತು ಎಂದು ಅಪ್ಪ ನಿನಗೆ ಹೇಳಿದರಲ್ಲ? ಬಿದ್ದಿಲ್ಲ. ಆಸ್ಪತ್ರೆಯಿಂದ ಬಂದು ಷೆಡ್ಡಿನ ಬಾಗಿಲು ಹಾಕಲು ಹೋದಾಗ ನೋಡಿದೆ. ಮೊಳೆಯ ಮೇಲಿತ್ತು, ಅಚ್ಚುಕಟ್ಟಾಗಿ ಮಡಿಸಿ ಹಾಕಿತ್ತು. ಒಳಗೆ ಒಬ್ಬರು ಮಿಷಿನ್ನಿಗೆ ಸಿಕ್ಕಿ ಕೂಗುತ್ತಿದ್ದರೆ ಓಡಿ ಬಂದವರು ಶಲ್ಯ ಮಡಿಸಿ ಮೊಳೆಗೆ ಹಾಕುತ್ತಾರಾ? ದಿಮ್ಮಿಯ ಆ ತುದಿ ಹಿಡಿದಿದ್ದ ನಮ್ಮ ಆಳು ಚಿಕ್ಕಹನುಮಯ್ಯನನ್ನು ಕೇಳಿದೆ. ಗೋಡೆಯ ಕಡೆ ತಿರುಗಿ ನಿಂತು ಹೇಳಿದ.

ಅಪ್ಪ ಬಾಗಿಲಲ್ಲಿ ನಿಂತರಂತೆ. ಯಾರೂ ಕೇಳದೆ ತಾವೇ ಶಲ್ಯ ತೆಗೆದು, ಮಡಿಸಿ, ಮೊಳೆಗೆ ಹಾಕಿದರಂತೆ. ಇವರು ತಲೆ ಎತ್ತಿ ಅದನ್ನು ನೋಡಿದರು. “ಅಣ್ಣಾರ ಮುಖ ಹಬ್ಬ ಆಗೋಯ್ತು ಕಣವ್ವ” ಎಂದ ಚಿಕ್ಕಹನುಮಯ್ಯ. ಇಂಜಿನ್ ನಿಲ್ಲಿಸು ಎಂದು ಸನ್ನೆ ಮಾಡುವುದನ್ನೂ ಮರೆತರು. ಎರಡು ಕೈಯೂ ಸೊಂಟಕ್ಕೆ ಹೋಯಿತು. ಹಿರಿಯರು ಎದುರು ಬಂದರೆ ಎತ್ತಿ ಕಟ್ಟಿದ ಪಂಚೆ ಇಳಿಬಿಡಬೇಕು ಎಂದು ನೀನು ತೋಂಟದಾರ್ಯನಿಗೂ ಕಲಿಸಿದ್ದೀಯ. ಇವರಿಗೂ ಯಾರೋ ಚಿಕ್ಕಂದಿನಲ್ಲಿ ಕಲಿಸಿದ್ದರು. ಇಳಿಬಿಟ್ಟರು. ಕೈ ಮುಗಿಯುತ್ತ ಅಪ್ಪನ ಕಡೆಗೆ ಒಂದು ಹೆಜ್ಜೆ ಇಟ್ಟರು. ಬೆಲ್ಟಿಗೆ ಯಾರೂ ಸಿಕ್ಕದ ಹಾಗೆ ಅಡ್ಡ ಹೊಡೆದ ಹಲಗೆ ಅಲ್ಲಿಗೆ ಮುಗಿಯುತ್ತದೆ. ಮಿಕ್ಕದ್ದನ್ನು ನಾನು ಬರೆಯಲಾರೆ.

ತಿಪಟೂರಿನ ಆಸ್ಪತ್ರೆಯವರೆಗೆ ಲಾರಿಯಲ್ಲಿ ಅಪ್ಪ ಇವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆ ನೋವಿನಲ್ಲೂ ಇವರು, “ನೀವ್ ಬರೋ ಹೊತ್ಗೆ ಆಗೋಗಿತ್ತು ಮಾವ. ಕಾಲ್ ಜಾರ್ತು. ಅಂಗೇ ಹೇಳಿ” ಎಂದರಂತೆ. ಜೊತೆಗಿದ್ದ ಚಿಕ್ಕಹನುಮಯ್ಯನಿಗೂ ಬಾಯಿ ಬಿಡಬಾರದು ಎಂದರಂತೆ.

ಇವರನ್ನು ಕೇಳಿದೆ. ಅಲ್ಲಗಳೆಯಲಿಲ್ಲ. ದೇವರ ದೀಪದ ಮುಂದೆ ನನ್ನ ಕೈಲಿ ಆಣೆ ಹಾಕಿಸಿಕೊಂಡರು. “ನಿಮ್ಮವ್ವಂಗೆ ಮಾತ್ರ ಗೊತ್ತಾಗ್ಬಾರ್ದು. ಆ ವಯಸ್ಸಲ್ಲಿ ಮನುಷ್ಯ ಹೆಂಡ್ತಿ ಮುಂದೆ ತಲೆ ತಗ್ಗಿಸಿ ಬದುಕ್ಬಾರ್ದು ಕಣೇ” ಎಂದರು.

ಅಪ್ಪ ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ, ಮದುವೆ ಮನೆಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅಳಿಯನಿಗೆ ಗ್ಯಾನ ಇರಲಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ತುರುವೇಕೆರೆ ಕಡೆಯ ಮಿಲ್ಲಿನಲ್ಲಿ ಹೊಸಬರಿಗೆ ಈಗ, “ಮಾಯಸಂದ್ರದ ಮಲ್ಲಿಕಾರ್ಜುನಯ್ಯನ ಥರ ಆಗ್ಬೇಕೇನ್ಲಾ” ಎಂದು ಬುದ್ಧಿ ಹೇಳುತ್ತಾರಂತೆ. ಗಂಡನ ಹೆಸರು ಬಾಯಲ್ಲಿ ಹೇಳದ ನಾನು ಇಲ್ಲಿ ಬರೆದೇಬಿಟ್ಟೆ ನೋಡು, ಅಷ್ಟು ಹೊಟ್ಟೆ ಉರಿಯುತ್ತದೆ. ಆ ಸುತ್ತಿನಲ್ಲಿ ಎಷ್ಟು ಜನಕ್ಕೆ ಜೋಪಾನ ಕಲಿಸಿದ್ದು ಇವರೇ. ಇವರು ಕೊಟ್ಟ ಸುಳ್ಳಿನ ಮರೆಯಲ್ಲಿ ಕೂತು ಇವರನ್ನೇ ಬೈಯುವುದೆಂದರೆ ಏನು ಅವ್ವ? ಅಪ್ಪನ ಮೇಲೆ ನನಗೆ ತಡೆಯಲಾರದ ಸಿಟ್ಟಿದೆ. ಆ ಶಲ್ಯ ಕಣ್ಣಿಗೆ ಬಿದ್ದಾಗ ಮಾತ್ರ ಅಳು ಬರುತ್ತದೆ. ಎರಡು ವರ್ಷ ಬಿಗಿದುಕೊಂಡಿದ್ದವರು, ಇಬ್ಬರೂ ಒಂದೇ ಗಳಿಗೆಯಲ್ಲಿ ಒಬ್ಬರ ಮಾತನ್ನು ಒಬ್ಬರು ನಡೆಸಬೇಕಾಗಿತ್ತಾ?

ಇನ್ನು ಇಲ್ಲಿಯ ಸ್ಥಿತಿ. ಗಾಯ ಮಾಗಿಲ್ಲ. ಕಟ್ಟು ಬಿಚ್ಚಿದರೆ ವಾಸನೆ. ಇನ್ನೂ ಮೇಲಕ್ಕೆ ಕತ್ತರಿಸಬೇಕು, ಬೇಗ ಆಗಬೇಕು, ಆದರೂ ಭರವಸೆ ಕೊಡಲಾರೆ ಎಂದು ಡಾಕ್ಟರು ಹೇಳಿದರು. ಇವರು ಒಪ್ಪುತ್ತಿಲ್ಲ. “ದಿಮ್ಮಿ ಕೊಯ್ದಂಗೆ ಎಷ್ಟ್ ಸಲ ಕೊಯ್ಸ್ಕಳ್ಳಲಿ, ಬುಡು” ಎನ್ನುತ್ತಾರೆ. ಮರದ ಕಾಲು ಹಾಕಿಕೊಂಡಾದರೂ ನಡೆಯಲಿ ಎಂದು ಮೊದಮೊದಲು ಶಿವನನ್ನು ಬೇಡುತ್ತಿದ್ದೆ. ಈಗ ಇವತ್ತು ರಾತ್ರಿ ನಿದ್ದೆ ಬರಲಿ ಎಂದಷ್ಟೇ ಬೇಡುತ್ತೇನೆ. ದೊಡ್ಡದನ್ನು ಕೇಳುವ ಧೈರ್ಯ ನನ್ನಲ್ಲಿ ಉಳಿದಿಲ್ಲ.

ಜಗುಲಿಯ ಮಂಚದ ಮೇಲೆ ರಸ್ತೆಗೆ ಮುಖ ಮಾಡಿ ಕೂತಿರುತ್ತಾರೆ. ವಯಸ್ಸಾದವರು ಯಾರು ಹಾದುಹೋದರೂ ಕೈ ತಾನೇ ಸೊಂಟಕ್ಕೆ ಹೋಗುತ್ತದೆ. ಹೋದ ವಾರ ಮಠದ ಅಯ್ಯನವರು ನೋಡಿಕೊಂಡು ಹೋಗಲು ಬಂದರು. ಇವರು ಒಂದು ಕಾಲಿಲ್ಲ ಎನ್ನುವುದನ್ನೇ ಮರೆತು ಎದ್ದರು, ಹಾಗೇ ನೆಲಕ್ಕೆ ಬಿದ್ದರು. ಅಲ್ಪಸ್ವಲ್ಪ ಕೂಡಿಕೊಂಡಿದ್ದ ಗಾಯ ಮತ್ತೆ ಬಾಯಿ ಬಿಟ್ಟಿತು. ಅಯ್ಯನವರು ಅತ್ತರು. ಇವರು, “ಕ್ಷಮಿಸ್ಬೇಕು ಬುದ್ಧಿ, ನಿಲ್ಲಕ್ಕಾಗ್ಲಿಲ್ಲ” ಎಂದರು.

ಅರಳಗುಪ್ಪೆಗೆ ನಾನು ಬರುವ ದಿನ ಹೇಗೂ ಬರುತ್ತದೆ ಅವ್ವ. ಅದಕ್ಕೆ ಯಾರೂ ಆತುರ ಮಾಡಬೇಡಿ.

ಇಂತಿ ನಿನ್ನ ಮಗಳು,
ಗಿರಿಜ

ವಿ.ಸೂ.: ಅಪ್ಪಾ, ಅವ್ವನಿಗೆ ಅಕ್ಷರ ಬರುವುದಿಲ್ಲ. ನನ್ನ ಕಾಗದ ಬಂದರೆ ಕನ್ನಡಕ ಹಾಕಿಕೊಂಡು ಓದಿ ಹೇಳುವವರು ನೀವೇ. ಇವತ್ತು ಎಲ್ಲಿಗೆ ದನಿ ನಿಲ್ಲಿಸಿದಿರೋ ನನಗೆ ಗೊತ್ತಿಲ್ಲ. ಅವ್ವನಿಗೆ ಗೊತ್ತಾಗಬಾರದು ಎಂದು ಇವರು ಹಾಕಿಸಿಕೊಂಡ ಆಣೆ ಈಗ ನಿಮ್ಮ ಕೈಯಲ್ಲಿದೆ. ಓದದೆ ಮಡಿಸಿ ಇಟ್ಟಿದ್ದರೂ ನಾನು ಯಾಕೆ ಎಂದು ಕೇಳುವುದಿಲ್ಲ.

ಸೋಮವಾರ ಬನ್ನಿ. ನಿಮ್ಮ ಶಲ್ಯ ಅದೇ ಮೊಳೆಯ ಮೇಲಿದೆ, ನಾನು ಮುಟ್ಟಿಲ್ಲ. ಆದರೆ ನೇರವಾಗಿ ಜಗುಲಿಗೆ ಬರಬೇಡಿ. ರಸ್ತೆಯ ಹುಣಸೆ ಮರದ ಆಚೆ ನಿಂತು ನನಗೆ ಹೇಳಿ ಕಳಿಸಿ, ನಾನು ಇವರ ಭುಜ ಹಿಡಿದುಕೊಂಡ ಮೇಲೆ ಬನ್ನಿ. ನೀವು ಬರುವ ವಿಷಯ ಇವರಿಗೆ ಹೇಳಿಲ್ಲ. ಹೇಳಿದರೂ ಒಂದೇ, ಹೇಳದಿದ್ದರೂ ಒಂದೇ. ದಿನಾ ಎದ್ದ ಕೂಡಲೇ ಒಗೆದ ಪಂಚೆ ಕೊಡು ಎನ್ನುತ್ತಾರೆ. ಚಡ್ಡಿ ಹಾಕಿಕೊಳ್ಳಿ, ಗಾಯಕ್ಕೆ ಬಟ್ಟೆ ಉಜ್ಜುವುದಿಲ್ಲ ಎಂದರೆ, “ನಿಮ್ಮಪ್ಪ ಹೇಳಿ ಬರೋರಲ್ಲ ಕಣೇ” ಎನ್ನುತ್ತಾರೆ.